ಟ್ರೂಡೆಲ್‌ನಲ್ಲಿ ಒಬ್ಬರು

ಹಾಲರ್ ಕೌಂಟಿಯಲ್ಲಿ ನಮ್ಮವರು ಎಷ್ಟು ಮಂದಿ ಇದ್ದಾರೆಂದು ತಿಳಿಯಲು ಅಮೆರಿಕದ ಸರಕಾರ ಅಷ್ಟೊಂದು ದುಡ್ಡು ಸುರಿದು ಜನಗಣತಿ ಮಾಡಬೇಕಿರಲಿಲ್ಲ. ಕಾಲ್ಡರ್ ಊರಿನ ರಣಛೋಡ್‌ಕಾಕಾಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಯಾರ ಮನೆಯಲ್ಲಿ ಕೂಸು ಹುಟ್ಟಿತು, ಯಾರ ಮಗಳು ಡಲ್ಲಾಸ್‌ಗೆ ಓದಲು ಹೋದಳು, ಯಾರ ಮಾವ ವೀಸಾ ಮುಗಿದು ಗುಜರಾತಿನ ನವಸಾರಿಗೆ ಮರಳಿದ, ಎಲ್ಲವೂ ಅವರ ಬೆರಳ ತುದಿಯಲ್ಲಿ. ನಾಲ್ಕು ಊರು, ಏಳು ಮೋಟೆಲು, ಮೂವತ್ತೊಂದು ಜನ. ಇದಕ್ಕಿಂತ ಒಂದು ತಲೆ ಹೆಚ್ಚಿಲ್ಲ, ಒಂದು ತಲೆ ಕಡಿಮೆಯಿಲ್ಲ.

ಆದರೂ ಕೌಂಟಿಯ ವಾರಪತ್ರಿಕೆ ಆ ವಾರ ಯಾವ ಊರಿನಲ್ಲಿ ಇಂಡಿಯಾದವರು ಎಷ್ಟು ಎಂಬ ಅಂಕಿಗಳನ್ನು ಅಚ್ಚು ಹಾಕಿದಾಗ ಕಾಕಾ ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಭಾನುವಾರಕ್ಕಾಗಿ ಕಾದರು. ತಿಂಗಳ ಕೊನೆಯ ಭಾನುವಾರ ಎಲ್ಲರೂ ಅವರ ಮೋಟೆಲಿನ ಲಾಬಿಯಲ್ಲಿ ಸೇರುವುದು ರೂಢಿ. ಎಲ್ಲರೂ ಅಂದರೆ ಡೆಸ್ಕಿನಲ್ಲಿ ಕೂರುವವನೊಬ್ಬನನ್ನು ಬಿಟ್ಟು. ಮೋಟೆಲಿನವರ ಮದುವೆಯಿರಲಿ, ತಿಥಿಯಿರಲಿ, ಮನೆಗೊಬ್ಬ ಡೆಸ್ಕಿನಲ್ಲೇ ಉಳಿದಿರುತ್ತಾನೆ. ಅವನ ಪಾಲಿನ ಊಟ ಡಬ್ಬಿಯಲ್ಲಿ ಹೋಗುತ್ತದೆ.

ಭಜನೆ ಮುಗಿಯಿತು. ಲಲಿತಾಕಾಕಿ ಕಾಗದದ ತಟ್ಟೆ ಹಂಚಲು ಹೊರಟಿದ್ದರು. ಕಾಕಾ ಗಂಡನ ಗತ್ತಿನಲ್ಲಿ ಕೈ ಎತ್ತಿ ತಡೆದರು. "ತಡಿಯೇ. ಮೊದಲು ಲೆಕ್ಕ, ಆಮೇಲೆ ಊಟ. ಸರಕಾರ ನಮ್ಮನ್ನ ಸರಿಯಾಗಿ ಎಣಿಸಿದ್ಯೋ ಇಲ್ವೋ ನೋಡೇಬಿಡೋಣ. ನಾನು ಊರು ಹೇಳ್ತೀನಿ, ಆ ಊರಿನವರು ಕೈ ಎತ್ತಿ."

ನಿರುಬೆನ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮೆರಿಟ್ ಊರಿನವಳು, ಐವತ್ತೆಂಟು ವರ್ಷ, ಕೌಂಟಿಯಲ್ಲಿ ಅವಳ ಅಕ್ಕಿ-ಬೇಳೆಯ ಹಾಂಡ್ವೊ ಕಡುಬಿನ ಮುಂದೆ ಬೇರೆಯವರದು ನಡೆಯುವುದಿಲ್ಲ. ಪಕ್ಕದಲ್ಲಿ ಮಗ ಹಿರೇನ್ ಕಾಲಮೇಲೆ ಕಾಲು ಹಾಕಿಕೊಂಡು ಚಾ ಕುಡಿಯುತ್ತಿದ್ದ.

"ಕಾಲ್ಡರ್, ಹದಿನಾಲ್ಕು!"

ಕೈಗಳು ಎದ್ದವು. "ಹನ್ನೆರಡು ಇಲ್ಲಿ. ಒಬ್ಬ ಆಚೆ ಮೋಟೆಲಿನ ಡೆಸ್ಕಲ್ಲಿ. ಇನ್ನೊಬ್ಬರು?"

"ನಮ್ಮ ಅಜ್ಜಿ ಒಳಗೆ ಮಲಗಿದಾರೆ ಕಾಕಾ."

"ಸರಿ ಹೋಯ್ತು. ಡನ್‌ಮೋರ್, ಎಂಟು. ಸರಿ. ಸ್ಯಾಂಡಿ ಫೋರ್ಕ್, ಆರು."

"ಆರೇನಾ?" ಎಂದು ಸ್ಯಾಂಡಿ ಫೋರ್ಕಿನ ಜಗುಭಾಯಿ ಹೊಟ್ಟೆ ಸವರಿಕೊಂಡ. "ನನ್ನನ್ನ ನೋಡಿದ್ರೆ ಇಬ್ಬರು ಅಂತ ಬರ್ಕೋಬೇಕಿತ್ತು. ಸರಕಾರಕ್ಕೆ ಕಣ್ಣಿಲ್ಲ ಬಿಡಿ."

"ಮೆರಿಟ್, ಮೂರು."

ನಿರು ಕೈ ಎತ್ತಿದಳು. ಹಿರೇನನೂ ಎತ್ತಿದ. "ಪಪ್ಪಾ ಡೆಸ್ಕಲ್ಲಿ" ಎಂದ.

"ಸೊಸೆ ಜಲ್ಪಾ ವಾಪಸ್ ಬಂದ್ರೆ ನಾಲ್ಕಾಗತ್ತೆ" ಎಂದರು ಲಲಿತಾಕಾಕಿ. "ನವಸಾರೀಲಿ ಅವಳ ತಾಯಿ ಹೇಗಿದಾರಂತೆ ನಿರು? ಒಂದೂವರೆ ವರ್ಷ ಆಗ್ತಾ ಬಂತಲ್ಲೇ."

"ಹಾಗೇ ಇದಾರೆ ಕಾಕಿ. ಹಾಸಿಗೆ ಬಿಟ್ಟು ಏಳಲ್ಲ" ಎಂದಳು ನಿರು. ಹಿರೇನ್ ಚಾದ ಲೋಟ ನೋಡುತ್ತಿದ್ದ.

"ಮೂವತ್ತೊಂದು!" ಕಾಕಾ ತೊಡೆ ತಟ್ಟಿಕೊಂಡರು. "ಹೇಳಿರ್ಲಿಲ್ವಾ ನಾನು? ಒಂದು ತಲೆ ಆಚೀಚೆ ಇಲ್ಲ." ಕಾಗದ ಮಡಿಸಲು ಹೋದವರು ಮತ್ತೆ ಕನ್ನಡಕ ಸರಿಪಡಿಸಿಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದೇನಿದು? ಟ್ರೂಡೆಲ್, ಒಂದು."

ಯಾರೂ ಕೈ ಎತ್ತಲಿಲ್ಲ.

ಆ ಒಂದನ್ನು ಆ ಕಾಗದಕ್ಕೆ ಸೇರಿಸಿದವಳು ನಿರು. ಕಳೆದ ವರ್ಷದ ವಸಂತದಲ್ಲಿ ಕಾಕಾ ಇದೇ ಲಾಬಿಯಲ್ಲಿ ನಿಂತು, "ಬರೆಸದಿದ್ರೆ ನಾವು ಇಲ್ಲಿ ಇಲ್ಲವೇ ಇಲ್ಲ ಅಂತಾಗತ್ತೆ, ಒಬ್ಬರನ್ನೂ ಬಿಡಬೇಡಿ" ಎಂದು ಭಾಷಣ ಬಿಗಿದಿದ್ದರು. ನಾಲ್ಕೂ ಊರಿನ ಮನೆಮನೆಗೆ ಹೋಗಿ, ಇಂಗ್ಲಿಷು ಬಾರದ ಹೆಂಗಸರ ಪಕ್ಕ ಕೂತು ಫಾರಂ ತುಂಬಿಸಿದವಳು ನಿರು. ಮೂವತ್ತೊಂದು ಜನ ಮುಗಿದ ಮೇಲೂ ಅವಳ ಮನಸ್ಸು ಒಪ್ಪಲಿಲ್ಲ. ಐದನೆಯ ಊರಿಗೂ ಹೋಗಿ, ಅಲ್ಲಿ ಅಡಗಿದ್ದ ಸೊಸೆಯ ಫಾರಂ ತನ್ನ ಕೈಯಾರೆ ತುಂಬಿ, ಅಂಟು ನೆಕ್ಕಿ, ಅಂಚೆಗೆ ಹಾಕಿದ್ದಳು. ಎಂಥ ದಡ್ಡಿ! ಅವಳು ಅಲ್ಲಿ ಇದ್ದಾಳೆ, ಬದುಕಿದ್ದಾಳೆ ಎಂದು ಎಲ್ಲಾದರೂ ಒಂದು ಕಡೆ ಬರೆದಿರಲಿ ಅನ್ನಿಸಿತ್ತು, ಅಷ್ಟೇ. ಹೆಸರು ಯಾರಿಗೂ ಕಾಣಿಸುವುದಿಲ್ಲ ಎಂದು ಫಾರಮ್ಮಿನಲ್ಲೇ ಅಚ್ಚಾಗಿತ್ತು. ಹೆಸರು ಕಾಣಿಸಲೂ ಇಲ್ಲ. ಆದರೆ ಎಲ್ಲರೂ ಎಲ್ಲರನ್ನೂ ಬೆರಳಲ್ಲಿ ಎಣಿಸುವ ಜನರ ನಡುವೆ ಒಂದು ಎನ್ನುವ ಅಂಕಿಯೇ ಹೆಸರಿಗಿಂತ ಹೆಚ್ಚು ಎಂದು ಅವಳಿಗೆ ಆಗ ಹೊಳೆದಿರಲಿಲ್ಲ.

ಟ್ರೂಡೆಲ್ ಅನ್ನು ಆರಿಸಿದ್ದೂ ಅವಳೇ. ಅಲ್ಲಿನ ಮೋಟೆಲು ಸುಟ್ಟು ಎಷ್ಟೋ ವರ್ಷವಾಗಿತ್ತು, ನಮ್ಮವರು ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ. ಹಿಂದೆಂದೋ ಮೆರಿಟ್‌ನ ಮೋಟೆಲಿನಲ್ಲಿ ತಿಂಗಳುಗಟ್ಟಲೆ ತಂಗಿದ್ದ ರೂತ್ ಎಂಬ ಮುದುಕಿ ಅಲ್ಲಿ ತನ್ನ ಮನೆಯ ಹಿಂದಿನ ಕೋಣೆ ಕೊಟ್ಟಳು. ಜಲ್ಪಾಗೆ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೆಲಸವೂ ಸಿಕ್ಕಿತು. ಪ್ರತಿ ಗುರುವಾರ ನಿರು ಸೋಪು, ಟವೆಲು ತರಲು ಹೋಗುತ್ತೇನೆಂದು ಹೇಳಿ ಆ ಕಡೆ ಕಾರು ತಿರುಗಿಸುತ್ತಿದ್ದಳು.

ಹಿರೇನ್ ಊರಿಗೆಲ್ಲ ಹೇಳಿದ್ದು ಹೆಂಡತಿ ನವಸಾರಿಗೆ ಹೋದಳೆಂದು. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು, ಏಕೆಂದರೆ ಅವಳ ಪಾಸ್‌ಪೋರ್ಟು ಅವನ ಲಾಕರಿನಲ್ಲೇ ಇತ್ತು. ಅವಳು ಅಮೆರಿಕದಲ್ಲೇ ಎಲ್ಲೋ ಇದ್ದಾಳೆ. ಎಲ್ಲಿ ಎಂಬುದೊಂದೇ ಅವನಿಗೆ ಬೇಕಾಗಿದ್ದುದು. ಹುಡುಕಿ ಹುಡುಕಿ ಸಾಕಾಗಿತ್ತು. ಈಗ ಅವನ ಲೋಟ ಗಾಳಿಯಲ್ಲೇ ನಿಂತುಬಿಟ್ಟಿತ್ತು.

"ಅಚ್ಚಿನ ತಪ್ಪಿರ್ಬೇಕು ಕಾಕಾ" ಎಂದಳು ನಿರು. "ಪೇಪರಿನವರು ಏನ್ ಬೇಕಾದ್ರೂ ಹಾಕ್ತಾರೆ."

"ಉಳಿದ ನಾಲ್ಕು ಊರು ಸರಿಯಾಗಿರೋವಾಗ ಐದನೇದು ಹೇಗಮ್ಮಾ ತಪ್ಪಾಗತ್ತೆ?"

"ಯಾರೋ ಡಾಕ್ಟರು ಬಂದಿದ್ದು ಹೋಗಿರ್ಬೋದು."

"ಟ್ರೂಡೆಲ್‌ನಲ್ಲಿ ಡಾಕ್ಟರ್ ಎಲ್ಲಿ? ಕಾಯಿಲೆ ಬೀಳೋಕೂ ಅಲ್ಲಿ ಜನ ಇಲ್ಲ" ಎಂದ ಜಗುಭಾಯಿ. "ಪಾಪ ಕಣ್ರೀ, ಯಾರೋ ಬ್ರಹ್ಮಚಾರಿ. ಗಣತಿ ಆದಾಗ್ನಿಂದ ಡಬ್ಬದ ಬೀನ್ಸ್ ತಿಂದ್ಕೊಂಡು ಬಿದ್ದಿದಾನೆ. ನಾವು ಇಲ್ಲಿ ಹಾಂಡ್ವೊ ಹೊಡೀತಾ ಇದೀವಿ."

ಅಷ್ಟು ಸಾಕಾಯಿತು. ನಮ್ಮವರಲ್ಲಿ ಒಂದು ರೂಢಿಯಿದೆ. ಕೌಂಟಿಗೆ ಹೊಸಬರು ಯಾರೇ ಬರಲಿ, ಸಾಮಾನು ಬಿಚ್ಚಿಡುವ ಮೊದಲೇ ನಾಲ್ಕು ಮನೆಯವರು ಊಟದ ಡಬ್ಬಿ, ತೆಂಗಿನಕಾಯಿ ಹಿಡಿದು ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ನಲವತ್ತು ವರ್ಷದ ಹಿಂದೆ ಕಾಕಾ ಈ ಕೌಂಟಿಗೆ ಬಂದಾಗ ಬಾಗಿಲು ತಟ್ಟಲು ಯಾರೂ ಇರಲಿಲ್ಲ. ಆ ಚಳಿಗಾಲವನ್ನು ಅವರು ಇವತ್ತಿಗೂ ಮರೆತಿಲ್ಲ. ಒಬ್ಬ ಮನುಷ್ಯ ತನ್ನ ಕೌಂಟಿಯಲ್ಲಿ ಒಂಟಿಯಾಗಿದ್ದಾನೆ, ಅದೂ ತನಗೆ ತಿಳಿಯದೆ! ಕಾಕಾರ ಮುಖ ಕೆಂಪಾಯಿತು.

"ಇವತ್ತೇ ಹೋಗೋಣ. ಇಪ್ಪತ್ತಾರು ಮೈಲಿ, ಏನ್ ಮಹಾ. ಲಲಿತಾ, ಡಬ್ಬಿ ಕಟ್ಟು. ಪೂಜೆ ಮನೇಲಿ ತೆಂಗಿನಕಾಯಿ ಇದೆ ನೋಡು."

"ಊಟ ಮಾಡ್ಕೊಂಡು ಹೋಗಿ" ಎಂದಳು ನಿರು. "ಹಸಿದ ಹೊಟ್ಟೇಲಿ ಯಾಕೆ? ಮುಂದಿನ ವಾರ ಹೋದ್ರಾಯ್ತು."

"ನಾನು ಕಾರ್ ತೆಗೀತೀನಿ ಕಾಕಾ" ಎಂದು ಹಿರೇನ್ ಎದ್ದ. ನಗುತ್ತಿದ್ದ. "ಹೊಸಬರನ್ನ ಕಾಯಿಸೋದು ಸರಿಯಲ್ಲ."

"ನೋಡಿದ್ಯಾ ನಿರು, ಮಗ ಅಂದ್ರೆ ಹೀಗಿರಬೇಕು" ಎಂದರು ಕಾಕಾ.

ನಿರು ನೀರು ಕುಡಿಯುವ ನೆಪದಲ್ಲಿ ಐಸ್ ಮಷಿನ್ನಿನ ಓಣಿಗೆ ಬಂದು ಫೋನ್ ಒತ್ತಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಭಾನುವಾರ ಎರಡು ಗಂಟೆಯವರೆಗೆ ಜಲ್ಪಾ ಕೆಲಸದಲ್ಲಿರುತ್ತಾಳೆ, ಫೋನು ಬೀರುವಿನಲ್ಲಿರುತ್ತದೆ. ಗೋಡೆಯ ಗಡಿಯಾರದಲ್ಲಿ ಒಂದೂವರೆ. ಇವರು ಅಲ್ಲಿ ಮುಟ್ಟುವ ಹೊತ್ತಿಗೆ ಅವಳು ಮನೆಗೆ ಬಂದು ಚಪ್ಪಲಿ ಬಿಡುತ್ತಿರುತ್ತಾಳೆ. ರೂತ್ ಚರ್ಚು ಮುಗಿಸಿ ಮಗಳ ಮನೆಗೆ ಹೋಗಿರುತ್ತಾಳೆ. ನಾನೂರು ಜನರ ಊರು. ಇಲ್ಲಿ ಇಂಡಿಯಾದವರು ಯಾರು ಎಂದು ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ. ಮತ್ತೆ ಒತ್ತಿದಳು. ಮತ್ತೆ ರಿಂಗಾಯಿತು.

"ಯಾರಿಗೆ ಮಮ್ಮಿ?"

ಹಿರೇನ್ ಓಣಿಯ ಬಾಯಲ್ಲಿ ನಿಂತಿದ್ದ. ಅವಳು ಫೋನನ್ನು ಸೀರೆಯ ಸೆರಗಿನೊಳಗೆ ಸೇರಿಸಿದಳು.

"ನಿನ್ನ ಪಪ್ಪಾಗೆ. ಇನ್ಸುಲಿನ್ ತಗೊಂಡ್ರಾ ಅಂತ."

"ಪಪ್ಪಾ ಜೊತೆ ನಾನೀಗ ಮಾತಾಡಿದೆ. ನಿನ್ನ ಫೋನ್ ಬಂದಿಲ್ಲಂತೆ." ಅವನ ದನಿ ಮೆತ್ತಗಿತ್ತು. ಅವನು ಮೆತ್ತಗೆ ಮಾತಾಡಿದಾಗಲೇ ಮನೆಯಲ್ಲಿ ಎಲ್ಲರೂ ಹುಷಾರಾಗುತ್ತಿದ್ದದ್ದು. "ಗುರುವಾರ ಗುರುವಾರ ಸೋಪು ತರೋಕೆ ಹೋಗ್ತೀಯಲ್ಲ. ಅಂಗಡಿ ಇರೋದು ಪೂರ್ವಕ್ಕೆ, ಹನ್ನೊಂದು ಮೈಲಿ. ಕಾರಿನ ಮೀಟರು ಯಾಕೆ ಐವತ್ತು ಓಡಿರತ್ತೆ? ಅಮ್ಮಂಗೆ ವಯಸ್ಸಾಯ್ತು, ದಾರಿ ತಪ್ಪುತ್ತೆ ಅಂದ್ಕೊಂಡಿದ್ದೆ. ಟ್ರೂಡೆಲ್‌ನಲ್ಲಿರೋದು ಅವಳೇ ಅಲ್ವಾ?"

ಅವಳು ಅವನನ್ನು ದಾಟಿ ಹೋಗಲು ನೋಡಿದಳು.

"ನಾನೇನು ಮಾಡಲ್ಲ ಮಮ್ಮಿ. ಕರ್ಕೊಂಡು ಬರ್ತೀನಿ ಅಷ್ಟೇ. ನನ್ನ ಹೆಂಡ್ತಿ ಅವಳು. ಜನರ ಮುಂದೆ ಎಷ್ಟು ದಿನ ಅಂತ ಸುಳ್ಳು ಹೇಳ್ಲಿ? ಕಾಕಾನೂ ಜೊತೇಲಿರ್ತಾರೆ. ಅವಳು ಬಾಗಿಲು ತೆಗೀತಾಳೆ, ಎಲ್ಲರೂ ಖುಷಿ ಪಡ್ತಾರೆ, ಅವಳು ಸುಮ್ಮನೆ ಕಾರು ಹತ್ತುತಾಳೆ. ನೀನು ಬಾಯಿ ಮುಚ್ಕೊಂಡಿರು, ಸಾಕು."

ಹತ್ತುತ್ತಾಳೆ, ನಿಜ. ನಿರುವಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಿರಿಯರು ತೆಂಗಿನಕಾಯಿ ಹಿಡಿದು ನಗುತ್ತ ನಿಂತಿರುವಾಗ ಯಾವ ಹುಡುಗಿ ಬಾಗಿಲು ಮುಚ್ಚುತ್ತಾಳೆ? ತಲೆಯ ಮೇಲೆ ಸೆರಗೆಳೆದುಕೊಂಡು, ಕಾಕಾರ ಕಾಲಿಗೆ ಬಿದ್ದು, ಗಂಡನ ಕಾರು ಹತ್ತುತ್ತಾಳೆ. ಮತ್ತೆ ಆ ಡೆಸ್ಕು, ಮತ್ತೆ ಆ ಡ್ರಾಯರು.

ಈ ಮಗನನ್ನು ಅವಳು ಆ ಡೆಸ್ಕಿನ ಹಿಂದೆಯೇ ಬೆಳೆಸಿದ್ದಳು. ರಾತ್ರಿ ಪಾಳಿಯಲ್ಲಿ ಟವೆಲಿನ ಬುಟ್ಟಿಯಲ್ಲಿ ಮಲಗಿಸಿ ಕಾಲಲ್ಲಿ ತೂಗುತ್ತ ಗಿರಾಕಿಗಳಿಗೆ ಬೀಗದಕೈ ಕೊಟ್ಟಿದ್ದಳು. ಅವನ ಮೇಲಿನ ಪ್ರೀತಿ ಇನ್ನೂ ಹೋಗಿರಲಿಲ್ಲ. ಹೋಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಒಂದೂವರೆ ವರ್ಷ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದು ಸೊಸೆಗಾಗಿ ಎಷ್ಟೋ, ಮಗನ ಮಾನಕ್ಕಾಗಿಯೂ ಅಷ್ಟೇ. ಮೂವತ್ತೊಂದು ಜನರ ಪ್ರಪಂಚದಲ್ಲಿ ಮುಖ ಕೆಟ್ಟರೆ ಹೋಗಲು ಬೇರೊಂದು ಮನೆ ಇರುವುದಿಲ್ಲ.

ಹೊರಗೆ ಕಾರಿನ ಬಾಗಿಲುಗಳ ಸದ್ದಾಯಿತು. "ಹಿರೇನ್, ಬಾರೋ!" ಎಂದು ಕಾಕಾ ಕೂಗಿದರು. ಅವನು ಜೇಬಿನಿಂದ ಕೀ ತೆಗೆಯುತ್ತ ಹೊರಟ.

ನಿರು ಅವನ ಹಿಂದೆಯೇ ಲಾಬಿಗೆ ಬಂದಳು. ಲಲಿತಾಕಾಕಿ ಡಬ್ಬಿಯ ಮೇಲೆ ತೆಂಗಿನಕಾಯಿ ಇಟ್ಟು ಬಟ್ಟೆ ಕಟ್ಟುತ್ತಿದ್ದರು. ಜಗುಭಾಯಿ ಇನ್ನೂ ಬ್ರಹ್ಮಚಾರಿಗೆ ಹೆಣ್ಣು ಹುಡುಕುವ ತಮಾಷೆಯಲ್ಲಿದ್ದ.

"ಯಾರೂ ಹೋಗಬೇಡಿ" ಎಂದಳು ನಿರು.

ಯಾರಿಗೂ ಕೇಳಿಸಲಿಲ್ಲ. ಅವಳು ಭಜನೆಯ ತಾಳ ಎತ್ತಿ ಒಂದು ಸಲ ಜೋರಾಗಿ ತಟ್ಟಿದಳು. ಲಾಬಿ ತಿರುಗಿ ನೋಡಿತು, ಹೊರಗಿದ್ದ ಕಾಕಾ ಒಳಗೆ ಬಂದರು.

"ಟ್ರೂಡೆಲ್‌ನಲ್ಲಿ ಇರೋದು ಜಲ್ಪಾ. ನನ್ನ ಸೊಸೆ. ಅವಳು ನವಸಾರಿಗೆ ಹೋಗಿಲ್ಲ. ಅಲ್ಲಿ ಬಚ್ಚಿಟ್ಟಿದ್ದು ನಾನು, ಫಾರಂ ಬರೆದಿದ್ದೂ ನಾನೇ."

"ಮಮ್ಮಿ!"

"ಗಿರಾಕಿಯೊಬ್ಬ ಏನೋ ಅಂದಾಗ ಅವಳು ನಕ್ಕಳು. ಅಷ್ಟಕ್ಕೆ ಇವನು ಅವಳ ಕೈನ ಡೆಸ್ಕಿನ ಡ್ರಾಯರಲ್ಲಿ ಇಟ್ಟು ತಳ್ಳಿದ. ಎರಡು ಸಲ ತಳ್ಳಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಬಲಗೈ ಎರಡು ಬೆರಳು ಇವತ್ತಿಗೂ ಮಡಿಸೋಕಾಗಲ್ಲ ಅವಳಿಗೆ. ಅದು ಮೊದಲನೇ ಸಲ ಅಲ್ಲ." ಅವಳು ಕಾಕಾರ ಕಡೆ ತಿರುಗಿದಳು. "ನೀವು ತೆಂಗಿನಕಾಯಿ ಹಿಡ್ಕೊಂಡು ಹೋದ್ರೆ ಅವಳು ಬಾಗಿಲು ತೆಗೀತಾಳೆ ಕಾಕಾ. ನಿಮ್ಮ ಮುಖ ನೋಡಿ ತೆಗೀತಾಳೆ. ಅದಕ್ಕೇ ಬೇಡ ಅಂತಿರೋದು."

ಲಲಿತಾಕಾಕಿ ಬಟ್ಟೆ ಕಟ್ಟುವುದನ್ನು ನಿಲ್ಲಿಸಿದರು.

"ಸುಳ್ಳು" ಎಂದ ಹಿರೇನ್. "ಡ್ರಾಯರ್ ತಾನಾಗೇ ಮುಚ್ಕೊಳ್ತು. ಕಾಕಾ, ಇವಳಿಗೆ ವಯಸ್ಸಾಗಿ ತಲೆ ಕೆಟ್ಟಿದೆ, ದಾರೀನೇ ನೆನಪಿರಲ್ಲ. ಪಪ್ಪಾನ್ನ ಕೇಳಿ."

"ಮನೆ ವಿಷಯ, ನಿರುಬೆನ್" ಎಂದು ಡನ್‌ಮೋರಿನ ಗಂಡಸೊಬ್ಬ ಗೊಣಗಿದ. "ನಾಲ್ಕು ಗೋಡೆ ಒಳಗೇ ಬಗೆಹರಿಸ್ಕೋಬೇಕಿತ್ತು. ಹೀಗೆ ಬೀದಿಗೆ ತರೋದಾ?"

ನಿರು ಅವನತ್ತ ನೋಡಲಿಲ್ಲ. ಕಾಕಾರನ್ನೇ ನೋಡುತ್ತಿದ್ದಳು. ಕಾಕಾ ಕಾಗದದ ಚೂರನ್ನು ಹಿಡಿದು, ಮುಂದೇನು ಓದಬೇಕೆಂದು ತಿಳಿಯದವರ ಹಾಗೆ ನಿಂತಿದ್ದರು. ಕಡೆಗೆ ಕೇಳಿದರು. "ಹಿರೇನ್, ಅವಳ ಪಾಸ್‌ಪೋರ್ಟ್ ಎಲ್ಲಿದೆ?"

ಹಿರೇನ್ ತಕ್ಷಣ ಉತ್ತರ ಕೊಡಲಿಲ್ಲ. ಆ ಒಂದು ಗಳಿಗೆ ಸಾಕಾಯಿತು. ನವಸಾರಿಗೆ ಹೋದವಳ ಪಾಸ್‌ಪೋರ್ಟು ಎಲ್ಲಿರಬೇಕೆಂದು ಆ ಲಾಬಿಯಲ್ಲಿ ತಿಳಿಯದವರು ಯಾರೂ ಇರಲಿಲ್ಲ.

"ಎಲ್ಲರೂ ಸೇರ್ಕೊಂಡು ನನ್ನ ವಿಚಾರಣೆ ಮಾಡ್ತೀರಾ?" ಎಂದು ಕೂಗಿ ಅವನು ಬಾಗಿಲ ಕಡೆ ನಡೆದ. ಅಷ್ಟರಲ್ಲಿ ಜಗುಭಾಯಿ ಒಂದು ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತಿದ್ದ. ಇಡೀ ಬಾಗಿಲು ತುಂಬಿಹೋಗಿತ್ತು.

"ಏಳು ಜಗುಭಾಯಿ."

"ಮಂಡಿ ನೋವು ಕಣೋ. ಒಂದ್ಸಲ ಕೂತ್ರೆ ಏಳೋಕಾಗಲ್ಲ" ಎಂದ ಜಗುಭಾಯಿ. ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ನಿನ್ನ ಕೀ ಕೊಡು ಇಲ್ಲಿ."

"ನನ್ನ ಮಗ ಅವನು, ಕೈ ಮಾಡಬೇಡಿ" ಎಂದಳು ನಿರು ತಟ್ಟನೆ. ಆಮೇಲೆ ಮಗನ ಹತ್ತಿರ ಹೋಗಿ ನಿಂತಳು. ಅವನು ಅವಳಿಗಿಂತ ಒಂದು ಮೊಳ ಎತ್ತರ. "ಹಿರೇನ್, ಅವತ್ತು ಅವಳ ಕೈದು ನಾನು ಫೋಟೋ ತೆಗೆದಿಟ್ಟಿದೀನಿ. ಆ ಊರಿನ ಹಾದಿ ನೀನು ತುಳಿದ್ರೆ ನೇರ ಶೆರಿಫ್ ಆಫೀಸಿಗೆ ಹೋಗ್ತೀನಿ. ಕೋರ್ಟಲ್ಲಿ ನಿನ್ನ ವಿರುದ್ಧ ಸಾಕ್ಷಿ ಹೇಳೋಳು ನಿನ್ನ ತಾಯಿ. ಅಳ್ತಾ ಅಳ್ತಾನಾದ್ರೂ ಹೇಳ್ತೀನಿ. ತಿಳೀತಾ?"

ಅವನು ತಾಯಿಯ ಮುಖ ನೋಡಿದ. ಅದರಲ್ಲಿ ಏನು ಕಂಡನೋ, ಕೀಗೊಂಚಲು ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಂಡವರು ಕಾಕಾ. "ಕೂತ್ಕೋ" ಎಂದರು. "ನಾನು ಹೇಳೋ ತನಕ ಏಳಬೇಡ. ಸಾಯಂಕಾಲ ನಿನ್ನ ಜೊತೆ ಮೆರಿಟ್‌ಗೆ ನಾನೂ ಬರ್ತೀನಿ. ಆ ಲಾಕರ್ ತೆಗೆಸ್ತೀನಿ." ಹಿರೇನ್ ಕೂತ. ಮೊಣಕೈ ಮಂಡಿಯ ಮೇಲೆ ಊರಿ ತಲೆ ತಗ್ಗಿಸಿದ.

ಲಲಿತಾಕಾಕಿ ಡಬ್ಬಿಯ ಗಂಟನ್ನು ಮತ್ತೆ ಬಿಗಿದರು. "ಕಟ್ಟಿದ ಡಬ್ಬಿ ಬಿಚ್ಚೋದು ನನಗೆ ಗೊತ್ತಿಲ್ಲ" ಎಂದರು. "ನಿರು, ನನ್ನ ವ್ಯಾನಲ್ಲಿ ಕೂತ್ಕೋ. ನಾವಿಬ್ಬರೇ. ಒಂದೂವರೆ ವರ್ಷ ಒಬ್ಬಳೇ ಹೊತ್ತಿದೀಯಲ್ಲೇ, ಒಂದು ಮಾತು ನನಗೆ ಹೇಳ್ಬಾರದಿತ್ತಾ?"

ನಿರುವಿಗೆ ಆಗ ಅಳು ಬಂತು. ವ್ಯಾನಿನಲ್ಲಿ ಹನ್ನೆರಡು ಮೈಲಿ ಅತ್ತಳು. ಕಾಕಿ ರೇಡಿಯೋ ಹಾಕಿ ಸುಮ್ಮನೆ ಓಡಿಸಿದರು. ಎರಡೂ ಬದಿ ಗೋಧಿ ಕುಯ್ದ ಹೊಲ, ಬಿಸಿಲು. ಮೆರಿಟ್‌ನ ತಿರುವು ಬಂದಾಗ ನಿರು, "ಇಲ್ಲಿ ಐದು ನಿಮಿಷ ನಿಲ್ಸಿ" ಎಂದಳು. ಮೋಟೆಲಿನ ಡೆಸ್ಕಿನಲ್ಲಿ ಗಂಡ ಠಾಕೋರ್‌ಭಾಯಿ ತೂಕಡಿಸುತ್ತಿದ್ದ. ಅವಳು ಅವನ ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅವನು ಬಹಳ ಹೊತ್ತು ಆ ಡ್ರಾಯರನ್ನೇ ನೋಡಿದ. "ಆವತ್ತು ನನಗೂ ಸದ್ದು ಕೇಳಿಸಿತ್ತು" ಎಂದ. ಅವಳು ಅವನ ಇನ್ಸುಲಿನ್ ತೆಗೆದು ಕೈಗೆಟುಕುವಂತೆ ಮೇಜಿನ ಮೇಲಿಟ್ಟಳು. ಒಳಗೆ ಹೋಗಿ ಒಂದು ಸೂಟ್‌ಕೇಸ್ ಹಿಡಿದು ಬಂದಳು. ಕಾಕಿ ಸೂಟ್‌ಕೇಸ್ ನೋಡಿ ವ್ಯಾನಿನ ಹಿಂಬಾಗಿಲು ತೆರೆದುಕೊಟ್ಟರು.

ಟ್ರೂಡೆಲ್ ತಲುಪಿದಾಗ ಮೂರು ಗಂಟೆ. ರೂತಳ ಮನೆಯ ಹಿಂದಿನ ಕೋಣೆಯ ಪರದೆ ಸ್ವಲ್ಪ ಸರಿಯಿತು, ತಕ್ಷಣ ಮುಚ್ಚಿತು. ಒಳಗೆ ಚಿಲಕ ಬಿದ್ದ ಸದ್ದು. ಇವತ್ತು ಗುರುವಾರವಲ್ಲ, ವ್ಯಾನು ನಿರುವಿನದಲ್ಲ. ಆ ಚಿಲಕದ ಸದ್ದಿಗೆ ನಿರುವಿಗೆ ಒಂದು ಬಗೆಯ ಸಮಾಧಾನವಾಯಿತು. ಹುಡುಗಿ ಕಲಿತಿದ್ದಾಳೆ.

"ಜಲ್ಪಾ, ನಾನು ಕಣೇ."

ಪರದೆ ಮತ್ತೆ ಒಂದು ಬೆರಳಿನಷ್ಟು ಸರಿಯಿತು.

"ಮಮ್ಮಿ, ಎಷ್ಟು ಜನ ಬಂದಿದೀರಾ?"

ನಿರು ಕೈಯಲ್ಲಿದ್ದ ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ಇಟ್ಟಳು.

"ಇಬ್ಬರು. ವಾಪಸ್ ಹೋಗೋದು ಒಬ್ಬರೇ."